ಡೇಕೇರ್‌ನಲ್ಲಿ ಮಗು ಕಚ್ಚಿದರೆ ತಿದ್ದಬೇಕಾದವರು ಯಾರು?

ಬನಶಂಕರಿ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎರಡೂವರೆ ವರ್ಷ. ಬೆಳಗ್ಗೆ ಒಂಬತ್ತಕ್ಕೆ ಡೇಕೇರ್‌ಗೆ ಬಿಟ್ಟರೆ ಸಂಜೆ ಆರೂವರೆಗೆ ಕರೆದುಕೊಂಡು ಬರುತ್ತೇವೆ. ಎರಡು ಮೂರು ಮಾತು ಸೇರಿಸಿ ಹೇಳುತ್ತಾನೆ, ಅಷ್ಟೇ. ಈಚೆಗೆ ಆಟದ ಸಾಮಾನಿಗೆ ಜಗಳ ಬಂದರೆ ಸಾಕು, ಪಕ್ಕದ ಮಗುವಿನ ಕೈ ಕಚ್ಚುತ್ತಾನೆ. ಸಂಜೆ ಗೇಟಿನ ಹತ್ತಿರ ಮ್ಯಾನೇಜರ್ ಮೇಡಂ "ಇವತ್ತೂ ಕಚ್ಚಿದ. ಮನೆಯಲ್ಲಿ ಸ್ವಲ್ಪ ಬುದ್ಧಿ ಹೇಳಿ" ಎನ್ನುತ್ತಾರೆ. ಹಿಂದೆ ಇನ್ನೊಂದು ಮಗುವಿನ ಅಪ್ಪ ಕಾಯುತ್ತಾ ನಿಂತಿರುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಬೆಳಗ್ಗೆ ಹನ್ನೊಂದಕ್ಕೆ ಆದದ್ದಕ್ಕೆ ರಾತ್ರಿ ಎಂಟಕ್ಕೆ ಬುದ್ಧಿ ಹೇಳಿದರೆ ಅಷ್ಟು ಚಿಕ್ಕವನಿಗೆ ಏನು ಗೊತ್ತಾಗಬೇಕು? ಊಟಕ್ಕೆ ಕೂತವನಿಗೆ "ಕಚ್ಚಬಾರದು ಕಂದಾ" ಎಂದರೆ ಪಿಳಿಪಿಳಿ ನೋಡುತ್ತಾನೆ. ನನ್ನ ಗಂಡ "ಅಲ್ಲಿ ಆದದ್ದನ್ನು ಅಲ್ಲೇ ನೋಡಿಕೊಳ್ಳಬೇಕು, ಅದು ಅವರ ಕೆಲಸ" ಎನ್ನುತ್ತಾರೆ. ಅತ್ತೆ "ಅಲ್ಲಿಗೆ ಹಾಕಿದ್ದಕ್ಕೇ ಮಗು ಹೀಗಾಯಿತು" ಎನ್ನುತ್ತಾರೆ.

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ಇನ್ನೊಂದು. ಮೊನ್ನೆ ಅವನು ಗೊಂಬೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ "ಬ್ಯಾಡ್ ಬಾಯ್, ಅಲ್ಲೇ ನಿಲ್ಲು" ಎಂದ. ಅಂದರೆ ಅಲ್ಲಿ ಮಕ್ಕಳನ್ನು ಮೂಲೆಯಲ್ಲಿ ನಿಲ್ಲಿಸುತ್ತಾರೆ. ನಮಗೆ ಯಾರೂ ಹೇಳಿರಲಿಲ್ಲ. ಸೇರಿಸುವಾಗ ಊಟ, ನಿದ್ದೆ, ಅಲರ್ಜಿ, ಡೈಪರ್ ಎಲ್ಲಾ ಕೇಳಿ ಬರೆದುಕೊಂಡರು. ಮಗು ಹಟ ಮಾಡಿದರೆ ನೀವು ಏನು ಮಾಡುತ್ತೀರಿ, ನಾವು ಏನು ಮಾಡುತ್ತೇವೆ ಎಂಬ ಮಾತು ಮಾತ್ರ ಎರಡೂ ಕಡೆಯಿಂದ ಬರಲಿಲ್ಲ.

ಆ ಒಂಬತ್ತೂವರೆ ಗಂಟೆ ಮಗು ಅವರ ಕೈಯಲ್ಲಿ ಇರುತ್ತದೆ. ಆಗ ತಿದ್ದುವ ಹಕ್ಕು ಅವರಿಗೆ ಎಷ್ಟು, ನಮಗೆ ಎಷ್ಟು? ನಿಮ್ಮಲ್ಲಿ ಯಾರಾದರೂ ಕೂತು ಮಾತಾಡಿ ಒಪ್ಪಂದಕ್ಕೆ ಬಂದಿದ್ದೀರಾ? ದಯವಿಟ್ಟು ಹೇಳಿ.

ಮಲ್ಲಿಗೆ ಬಳ್ಳಿ

ಮೊದಲು ಒಂದು ಸಮಾಧಾನದ ಮಾತು. ಒಂದರಿಂದ ಮೂರು ವರ್ಷದ ಮಕ್ಕಳು ಕಚ್ಚುವುದು ಮಾಮೂಲಿ. ನನ್ನ ಇಬ್ಬರೂ ಕಚ್ಚುತ್ತಿದ್ದರು. ಮಾತು ಬಂದ ಹಾಗೆ ಕಡಿಮೆಯಾಯಿತು. ಮಗು ಕೆಟ್ಟದ್ದು ಎಂದುಕೊಳ್ಳಬೇಡಿ.

ರಿಂಗ್ ರೋಡ್ ಅಪ್ಪ

ನಾನು ನಿಮ್ಮ ಗಂಡನ ಪಕ್ಷ. ನಾವಿಬ್ಬರೂ ಬೆಳ್ಳಂದೂರಿನಲ್ಲಿ ಕೆಲಸ ಮಾಡುತ್ತೇವೆ, ಮನೆ ಜೆಪಿ ನಗರ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವ ಹೊತ್ತಿಗೆ ಏಳೂವರೆ. ಮಗಳು ಎಚ್ಚರ ಇರುವ ಹೊತ್ತಿನಲ್ಲಿ ನಮ್ಮ ಪಾಲಿಗೆ ಸಿಗುವುದು ಎರಡು ಗಂಟೆ. ಅದನ್ನೂ ಬೈಯುವುದಕ್ಕೆ ಕಳೆಯಬೇಕಾ? ತಿಂಗಳಿಗೆ ಅಷ್ಟು ಫೀಸು ಕಟ್ಟುವುದು ಮಗುವನ್ನು ಕೂಡಿಹಾಕುವುದಕ್ಕಲ್ಲ. ಒಳ್ಳೆಯ ನಡತೆ ಕಲಿಸುವುದೂ ಅದರಲ್ಲಿ ಸೇರಿದೆ. ಏನು ಮಾಡುತ್ತಾರೆ ಎಂದು ನೋಡುವುದಕ್ಕೆ ಸಿಸಿಟಿವಿ ಇರಲಿ, ಮೊಬೈಲ್‌ನಲ್ಲಿ ನಮಗೂ ಕಾಣಲಿ. ತಪ್ಪು ಕಂಡರೆ ತಕ್ಷಣ ಫೋನ್ ಮಾಡಬಹುದು.

ವಿಜಯನಗರದ ಆಯಾ

ನಾನು ಡೇಕೇರ್‌ನಲ್ಲಿ ಕೆಲಸ ಮಾಡುವವಳು. ಇಲ್ಲಿ ಬರೀ ಅಪ್ಪ ಅಮ್ಮಂದಿರೇ ಮಾತಾಡುತ್ತಿದ್ದಾರೆ ಅನ್ನಿಸಿತು. ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಬನಶಂಕರಿ ಮೇಡಂ, ಆ ಮ್ಯಾನೇಜರ್ ಮೇಡಂ ಗೇಟಿನಲ್ಲಿ ಹೇಳಿದ ಮಾತು ನಿಮ್ಮ ಮಗು ಕಚ್ಚಿದಾಗ ಪಕ್ಕದಲ್ಲಿ ಇದ್ದವರ ಮಾತಲ್ಲ. ಆಗ ಅಲ್ಲಿ ಇದ್ದದ್ದು ನನ್ನಂಥ ಒಬ್ಬಳು. ಏಕೆ ಕಚ್ಚಿತು, ಯಾರು ಮೊದಲು ಕಿತ್ತುಕೊಂಡರು, ಆಮೇಲೆ ಎಷ್ಟು ಹೊತ್ತು ಅತ್ತಿತು, ಎಲ್ಲಾ ಅವಳಿಗೆ ಗೊತ್ತು. ಆದರೆ ಬಹಳ ಕಡೆ ನಾವು ಪೋಷಕರ ಜೊತೆ ನೇರವಾಗಿ ಮಾತಾಡುವ ಹಾಗಿಲ್ಲ. "ಏನಿದ್ದರೂ ಆಫೀಸಿಗೆ ಹೇಳಿ, ನೀವು ಪೇರೆಂಟ್ಸ್‌ಗೆ ಏನೂ ಹೇಳಬೇಡಿ" ಎಂದು ಕೆಲಸಕ್ಕೆ ಸೇರುವ ದಿನವೇ ಹೇಳಿರುತ್ತಾರೆ. ಹೇಳಿದ್ದಕ್ಕೆ ಕೆಲಸ ಬಿಡಿಸಿದ ಕಡೆಗಳೂ ಇವೆ. ಹಾಗಾಗಿ ನಾನು ನೋಡಿದ್ದು ಮ್ಯಾನೇಜರ್ ಕಿವಿಗೆ ಅರ್ಧ ಬೀಳುತ್ತದೆ, ನಿಮ್ಮ ಕಿವಿಗೆ "ಇವತ್ತೂ ಕಚ್ಚಿದ" ಎಂಬುದು ಮಾತ್ರ ಬೀಳುತ್ತದೆ.

ಇನ್ನು ನಮಗೆ ಬರುವ ಅಪ್ಪಣೆಗಳು. ಒಬ್ಬರು "ನಮ್ಮ ಮಗುವಿಗೆ ಬೇಡ ಅನ್ನುವ ಮಾತನ್ನೇ ಹೇಳಬೇಡಿ" ಎನ್ನುತ್ತಾರೆ. ಇನ್ನೊಬ್ಬರು "ಮಾತು ಕೇಳದಿದ್ದರೆ ಎರಡು ಬಿಡಿ, ನಾವೇನೂ ಅಂದುಕೊಳ್ಳುವುದಿಲ್ಲ" ಎನ್ನುತ್ತಾರೆ. ಇಬ್ಬರ ಮಕ್ಕಳೂ ಒಂದೇ ಚಾಪೆಯ ಮೇಲೆ ಆಡುತ್ತಿರುತ್ತವೆ. ಒಂದು ಮಗು ಇನ್ನೊಂದರ ಕೂದಲು ಎಳೆಯಿತು ಎಂದುಕೊಳ್ಳಿ. ನಾನು ಯಾರಿಗೆ ಏನು ಹೇಳಬೇಕು? ಒಂದು ಮಗುವಿಗೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ನ್ಯಾಯ ಮಾಡಿದರೆ ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ. "ಅವನಿಗೆ ಮಾತ್ರ ಏನೂ ಅನ್ನಲ್ಲ" ಎಂದು ಅವೇ ಹೇಳುತ್ತವೆ.

ಹೊಡೆಯಿರಿ ಎಂದು ಯಾರು ಹೇಳಿದರೂ ನಾನು ಹೊಡೆಯುವುದಿಲ್ಲ. ಕೈ ಎತ್ತುವ ಆಯಾಗಳು ಇಲ್ಲ ಎಂದು ಹೇಳುವುದಿಲ್ಲ, ಇದ್ದಾರೆ. ಹೆಚ್ಚಾಗಿ ಸಂಜೆ ಐದರ ಮೇಲೆ ಆಗುತ್ತದೆ. ಬೆಳಗ್ಗೆ ಎಂಟಕ್ಕೆ ಬಂದವಳು. ಜೊತೆಯವಳು ರಜೆ ಹಾಕಿರುತ್ತಾಳೆ, ಒಬ್ಬಳೇ ಅಷ್ಟೂ ಮಕ್ಕಳನ್ನು ನೋಡಿಕೊಳ್ಳಬೇಕು. ಮಕ್ಕಳಿಗೂ ಆಗ ಸಾಕಾಗಿರುತ್ತದೆ, ಅಮ್ಮ ಬೇಕಾಗಿರುತ್ತದೆ. ಒಂದು ರಚ್ಚೆ ಹಿಡಿದರೆ ಮಿಕ್ಕವೂ ಶುರು ಮಾಡುತ್ತವೆ. ಆಗ ಗದರುವುದು, ಟಿವಿ ಹಾಕುವುದು, ಮೂಲೆಗೆ ನಿಲ್ಲಿಸುವುದು ಎಲ್ಲಾ ನಡೆಯುತ್ತದೆ. ಅದು ಸರಿ ಎನ್ನುತ್ತಿಲ್ಲ. ಎಲ್ಲಿಂದ ಬರುತ್ತದೆ ಎಂದು ಹೇಳುತ್ತಿದ್ದೇನೆ. ಮಗುವನ್ನು ಸೇರಿಸುವ ಮುಂಚೆ ಎಸಿ ಇದೆಯಾ, ಆಟದ ಸಾಮಾನು ಎಷ್ಟಿದೆ ಎಂದು ನೋಡುತ್ತೀರಿ. ಒಬ್ಬ ಆಯಾಗೆ ಎಷ್ಟು ಮಕ್ಕಳು, ಒಬ್ಬರು ರಜೆ ಹಾಕಿದರೆ ಅವರ ಜಾಗಕ್ಕೆ ಯಾರು ಬರುತ್ತಾರೆ ಎಂದು ಕೇಳಿ.

ರಿಂಗ್ ರೋಡ್ ಸರ್, ಕ್ಯಾಮೆರಾ ಇರಲಿ, ನಮಗೇನೂ ಬೇಜಾರಿಲ್ಲ. ನಮ್ಮ ಮೇಲೆ ಸುಳ್ಳು ಆರೋಪ ಬಂದಾಗ ಅದೇ ನಮ್ಮನ್ನು ಕಾಪಾಡುತ್ತದೆ. ಆದರೆ ಅದರಲ್ಲಿ ಮಾತು ಕೇಳಿಸುವುದಿಲ್ಲ. ಓಡುವ ಮಗುವಿನ ತೋಳು ಹಿಡಿದರೆ ಎಳೆದ ಹಾಗೆ ಕಾಣುತ್ತದೆ. ತಕ್ಷಣ ಆಫೀಸಿಗೆ ಫೋನ್ ಬರುತ್ತದೆ. ಆಮೇಲೆ ಏನಾಗುತ್ತದೆ ಗೊತ್ತಾ? ಮಗುವನ್ನು ತಡೆಯುವುದಕ್ಕೇ ನಾವು ಹೆದರುತ್ತೇವೆ. ಅದರ ಏಟು ಬೀಳುವುದು ಇನ್ನೊಂದು ಮಗುವಿಗೆ.

ನಾನು ಕೇಳುವುದು ಇಷ್ಟೇ. ನಿಮ್ಮ ಮಗು ನನ್ನ ಕೈಯಲ್ಲಿ ಇರುವಾಗ ಅದನ್ನು ತಿದ್ದುವ ಮಾತು ನನ್ನದಾಗಿರಲಿ. ಏನು ಹೇಳಿದೆ, ಏನು ಮಾಡಿದೆ ಎಂದು ಅದೇ ದಿನ ನಿಮಗೆ ನಾನೇ ಹೇಳುವ ಹಾಗಿರಲಿ. ಮನೆಯಲ್ಲಿ ಮಗು ಏನು ಮಾಡಿತು ಎಂದು ನೀವೂ ನನಗೆ ಹೇಳಿ. ರಾತ್ರಿ ನಿದ್ದೆ ಮಾಡಿಲ್ಲ, ಬೆಳಗ್ಗೆ ಜಗಳ ಆಯಿತು, ಅಜ್ಜಿ ಊರಿಗೆ ಹೋದರು ಎಂಬ ಒಂದು ಮಾತು ಸಿಕ್ಕರೆ ನನ್ನ ಇಡೀ ದಿನ ಬದಲಾಗುತ್ತದೆ.

ರಿಂಗ್ ರೋಡ್ ಅಪ್ಪ

ಅಕ್ಕ, ನೀವು ಬರೆದದ್ದನ್ನು ಪೂರ್ತಿ ಓದಿದೆ. ತೋಳು ಹಿಡಿಯುವ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ಒಂದು ಪ್ರಶ್ನೆ. ನೇರವಾಗಿ ನಿಮ್ಮ ಹತ್ತಿರ ಮಾತಾಡಿದರೆ, ನೀವು ಹೇಳುವುದೆಲ್ಲಾ ನಿಜ ಎಂದು ನಾವು ಹೇಗೆ ನಂಬುವುದು?

ವಿಜಯನಗರದ ಆಯಾ

ಮಗುವನ್ನೇ ನಂಬಿ ಬಿಟ್ಟು ಹೋಗುತ್ತೀರಲ್ಲ ಸರ್.

ಕಾನೂನು ಓದಿದವಳು

"ಎರಡು ಬಿಡಿ, ನಾವೇನೂ ಅಂದುಕೊಳ್ಳುವುದಿಲ್ಲ" ಎನ್ನುವ ಪೋಷಕರಿಗೆ ಇದು ಗೊತ್ತಿರಬೇಕು. 2015ರ ಬಾಲ ನ್ಯಾಯ ಕಾಯ್ದೆಯ 75ನೇ ಕಲಮು, ಮಗು ಯಾರ ಸುಪರ್ದಿಯಲ್ಲಿ ಇದೆಯೋ ಅವರು ಅದಕ್ಕೆ ಹೊಡೆದು ಬಡಿದು ಮೈಗೆ ಅಥವಾ ಮನಸ್ಸಿಗೆ ಅನಗತ್ಯ ನೋವು ಕೊಟ್ಟರೆ ಅಪರಾಧ ಎನ್ನುತ್ತದೆ. ಶಿಕ್ಷೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಹೊತ್ತ ಸಂಸ್ಥೆಯ ನೌಕರರೋ ನಡೆಸುವವರೋ ಮಾಡಿದರೆ ಇನ್ನೂ ಜಾಸ್ತಿ. ಕಠಿಣ ಸಜೆ 5 ವರ್ಷದವರೆಗೆ, ದಂಡ 5 ಲಕ್ಷದವರೆಗೆ ಹೋಗಬಹುದು. ನೀವು ಬಾಯಿಮಾತಿನಲ್ಲಿ ಅನುಮತಿ ಕೊಟ್ಟಿರಿ ಎಂದು ಆಯಾ ಕೈ ಎತ್ತಿದರೆ, ನಾಳೆ ಠಾಣೆಗೆ ಹೋಗಬೇಕಾದವಳು ಅವಳು. ಆ ಮಾತು ಆಡುವುದೇ ಅವಳಿಗೆ ಮಾಡುವ ಅನ್ಯಾಯ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದು 6ರಿಂದ 14 ವರ್ಷದ ಶಾಲೆಯ ಮಕ್ಕಳಿಗೆ. ಚಿಕ್ಕ ಮಕ್ಕಳ ವಿಷಯದಲ್ಲಿ ನೀವು ಡೇಕೇರ್ ಜೊತೆ ಬರೆದುಕೊಳ್ಳುವ ಒಪ್ಪಂದಕ್ಕೆ ಬೆಲೆ ಜಾಸ್ತಿ. ಸೇರಿಸುವಾಗ ಸಹಿ ಹಾಕುವ ಹಾಳೆಯಲ್ಲಿ "ಹೊಡೆಯುವುದಿಲ್ಲ, ಊಟ ತಪ್ಪಿಸುವುದಿಲ್ಲ, ಕತ್ತಲೆ ಕೋಣೆಯಲ್ಲಿ ಕೂರಿಸುವುದಿಲ್ಲ, ಒಬ್ಬಂಟಿ ಬಿಡುವುದಿಲ್ಲ" ಎಂಬ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಬರೆಸಿ. ನಿಜವಾದ ದೌರ್ಜನ್ಯದ ಅನುಮಾನ ಬಂದರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ.

ಆಫೀಸಿನ ಡೇಕೇರ್‌ಗೆ ಮಗುವನ್ನು ಬಿಡುವ ತಾಯಂದಿರಿಗೆ ಇನ್ನೊಂದು ವಿಷಯ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದಾಗ, 50 ಅಥವಾ ಜಾಸ್ತಿ ನೌಕರರು ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಿ ಬರಬಹುದು ಎಂದು ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಅಂಶ ಇದೆ. ಮೀಟಿಂಗ್ ಬಿಟ್ಟು ಹೋದರೆ ಏನಂದುಕೊಳ್ಳುತ್ತಾರೋ ಎಂದು ಎಷ್ಟೋ ಜನ ಹೋಗುವುದೇ ಇಲ್ಲ. ಹೋಗಿ. ಅಲ್ಲಿ ಏನು ನಡೆಯುತ್ತದೆ ಎಂದು ಕ್ಯಾಮೆರಾಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಬಸವನಗುಡಿ ಅಜ್ಜಿ

ನಾನು ಹಳೇ ಕಾಲದವಳು. ನನ್ನ ಮಾತು ನಿಮಗೆ ಹಿಡಿಸದೇ ಇರಬಹುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನಾವು ನಾಲ್ಕು ಮಕ್ಕಳನ್ನು ಬೆಳೆಸಿದೆವು. ತಪ್ಪು ಮಾಡಿದರೆ ಕುಂಡೆ ಮೇಲೆ ಒಂದು ಪೆಟ್ಟು ಬೀಳುತ್ತಿತ್ತು. ಚಿಕ್ಕಮ್ಮನೂ ಹೊಡೆಯುತ್ತಿದ್ದಳು, ಪಕ್ಕದ ಮನೆಯವರೂ ಗದರುತ್ತಿದ್ದರು. ಯಾರೂ ಕೆಟ್ಟು ಹೋಗಲಿಲ್ಲ. ಈಗ ಮಗುವಿಗೆ ಯಾರೂ ಏನೂ ಅನ್ನುವ ಹಾಗಿಲ್ಲ. ಅನ್ನುವ ಹಕ್ಕು ಯಾರಿಗೆ ಎಂದು ಹೀಗೆ ಕೂತು ಚರ್ಚೆ ಮಾಡುವ ಕಾಲ ಬಂತು.

ಮಕ್ಕಳ ಜೊತೆ ಕೆಲಸ

ಅಜ್ಜಿ, ನಮಸ್ಕಾರ. ನಾನು ಮಕ್ಕಳ ಆಪ್ತ ಸಮಾಲೋಚಕಿ. ನಿಮ್ಮ ಮಾತಿನಲ್ಲಿ ಒಂದು ದೊಡ್ಡ ನಿಜ ಇದೆ. ಚಿಕ್ಕಮ್ಮ, ಪಕ್ಕದ ಮನೆಯವರು, ನೀವು ಎಲ್ಲರೂ ದಿನಾ ಒಬ್ಬರಿಗೊಬ್ಬರು ಸಿಗುತ್ತಿದ್ದಿರಿ, ಮಾತಾಡುತ್ತಿದ್ದಿರಿ. ಮಗುವಿಗೆ ಯಾರು ಏನೆಂದರು ಎಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತಿರುತ್ತಿತ್ತು. ಮಕ್ಕಳು ಸರಿಹೋದದ್ದು ಅದರಿಂದ, ಪೆಟ್ಟಿನಿಂದಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪೆಟ್ಟು ಆ ಕ್ಷಣಕ್ಕೆ ಮಗುವನ್ನು ನಿಲ್ಲಿಸುತ್ತದೆ. ಮುಂದೆ ಏನು ಮಾಡಬೇಕು ಎಂದು ಅದು ಹೇಳಿಕೊಡುವುದಿಲ್ಲ. ಸ್ವೀಡನ್ ದೇಶ 1979ರಲ್ಲೇ ಹೆತ್ತವರೂ ಮಕ್ಕಳಿಗೆ ಹೊಡೆಯಬಾರದು ಎಂದು ಕಾನೂನು ಮಾಡಿತು. ಆಮೇಲೆ ಬಹಳ ದೇಶಗಳು ಅದೇ ದಾರಿ ಹಿಡಿದವು.

ಕಚ್ಚುವ ಮಗುವನ್ನೇ ಕಚ್ಚಿ ತೋರಿಸಿ, ನೋವು ಗೊತ್ತಾಗಲಿ ಎಂದು ಹೇಳುವವರೂ ಸಿಗುತ್ತಾರೆ. ದಯವಿಟ್ಟು ಮಾಡಬೇಡಿ. ಕಚ್ಚುವುದು ದೊಡ್ಡವರೂ ಮಾಡುವ ಕೆಲಸ ಎಂದು ಮಗು ಕಲಿಯುತ್ತದೆ.

ಎರಡೂವರೆ ವರ್ಷದ ಮಗುವಿನ ತಲೆಯಲ್ಲಿ ಸಿಟ್ಟು ಬರುತ್ತದೆ, ಅದನ್ನು ತಡೆಯುವ ಶಕ್ತಿ ಇನ್ನೂ ಬೆಳೆದಿರುವುದಿಲ್ಲ. ತಡೆದುಕೊಳ್ಳಲು, ಮುಂದಿನದನ್ನು ಯೋಚಿಸಲು ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದು ವರ್ಷದ ಆಸುಪಾಸಿನಲ್ಲಿ. ಹಾಗಾಗಿ ತಿದ್ದುವ ಮಾತು ಕಚ್ಚಿದ ನಿಮಿಷದಲ್ಲೇ ಬರಬೇಕು, ಚಿಕ್ಕದಾಗಿರಬೇಕು. ಮಗುವಿನ ಮಟ್ಟಕ್ಕೆ ಕೂತು, ಕಣ್ಣು ನೋಡಿ, "ಕಚ್ಚಬಾರದು, ನೋವಾಗುತ್ತದೆ" ಎನ್ನಿ. ಮೊದಲು ಕಚ್ಚಿಸಿಕೊಂಡ ಮಗುವನ್ನು ಎತ್ತಿ ಸಮಾಧಾನ ಮಾಡಿ. ಆಮೇಲೆ ಕಚ್ಚಿದ ಮಗುವಿಗೆ ಬೇಕಾದ ಮಾತು ಹೇಳಿಕೊಡಿ. "ನಂಗೆ ಕೊಡು", "ನಂದು", "ಬೇಡ". ಅಷ್ಟು ಸಾಕು. ಇದನ್ನು ಮಾಡಲು ಆಗುವುದು ಆ ಕ್ಷಣಕ್ಕೆ ಅಲ್ಲಿ ಇರುವವರಿಗೆ ಮಾತ್ರ.

ಬನಶಂಕರಿ ಅಮ್ಮ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಅಲ್ಲಿ ಆದದ್ದನ್ನು ಅಲ್ಲೇ ಮುಗಿಸಬೇಕು. ಮನೆಗೆ ಬಂದ ಮೇಲೆ ಅದೇ ತಪ್ಪಿಗೆ ಎರಡನೇ ಸಲ ಬೈಗುಳ ಬೇಡ. ನಿಮ್ಮ ಗಂಡ ಹೇಳಿದ್ದು ಅರ್ಧ ಸರಿ. ಉಳಿದ ಅರ್ಧ, ಅಲ್ಲಿ ಬಳಸುವ ಮಾತು ಮನೆಯಲ್ಲೂ ಅದೇ ಆಗಿರಬೇಕು. ಅವನು ಮನೆಯಲ್ಲಿ ರಿಮೋಟ್‌ಗೆ ಜಗಳ ಮಾಡಿದಾಗ ನೀವೂ "ನಂಗೆ ಕೊಡು ಅನ್ನು" ಎಂದೇ ಹೇಳಿಕೊಡಬೇಕು. ಮನೆಯಲ್ಲಿ ಕಿರುಚಿದರೆ ಸಿಗುತ್ತದೆ, ಡೇಕೇರ್‌ನಲ್ಲಿ ಕೇಳಿದರೆ ಸಿಗುತ್ತದೆ ಎಂದಾದರೆ ಮಗು ಎರಡೂ ಕಡೆ ಕಿರುಚುವುದನ್ನೇ ಆರಿಸಿಕೊಳ್ಳುತ್ತದೆ.

ಸ್ಕ್ರೀನ್ ವಿಷಯವೂ ಹೀಗೇ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದಿತು. ಬೆಳಗ್ಗೆ ತಿಂಡಿಗೆ ಮನೆಯಲ್ಲಿ ಅರ್ಧ ಗಂಟೆ ಮೊಬೈಲ್. ಸಂಜೆ ಐದರ ಮೇಲೆ ಡೇಕೇರ್‌ನಲ್ಲಿ ಟಿವಿ. ರಾತ್ರಿ ಊಟಕ್ಕೆ ಮತ್ತೆ ಮೊಬೈಲ್. ಪ್ರತಿಯೊಬ್ಬರೂ ಸ್ವಲ್ಪವೇ ಕೊಟ್ಟಿದ್ದೇವೆ ಎಂದುಕೊಂಡಿರುತ್ತಾರೆ. ಮೂರನ್ನೂ ಕೂಡಿಸಿ ನೋಡುವವರು ಇಲ್ಲ.

ಮತ್ತೊಂದು. ಸಿಟ್ಟು ಕೈಮೀರುತ್ತಿದೆ ಎಂದು ಅಪ್ಪ ಅಮ್ಮಂದಿರಿಗೇ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರಗಳಲ್ಲಿ ಒಂದು. ಆಯಾಗಳೂ ಫೋನ್ ಮಾಡಬಹುದು.

ಕಚ್ಚಿಸಿಕೊಂಡವಳ ಅಮ್ಮ

ನಾನು ಆಚೆ ಕಡೆಯವಳು. ನನ್ನ ಮಗಳ ಕೆನ್ನೆಯ ಮೇಲೆ ಹಲ್ಲಿನ ಗುರುತು ಒಂದು ವಾರ ಇತ್ತು. ಕಚ್ಚುವುದು ಮಾಮೂಲಿ ಎಂದು ಎಲ್ಲರೂ ಹೇಳುತ್ತಿದ್ದೀರಿ. ಕಚ್ಚಿಸಿಕೊಂಡ ಮಗುವಿಗೆ ಅದು ಮಾಮೂಲಿ ಅಲ್ಲ. ಡೇಕೇರ್ ಗೇಟು ಕಂಡರೆ ನನ್ನ ಕುತ್ತಿಗೆ ಬಿಗಿಯಾಗಿ ತಬ್ಬಿಕೊಂಡು ಬಿಡುತ್ತಿರಲಿಲ್ಲ.

ಯಾರು ಕಚ್ಚಿದ್ದು ಎಂದು ಕೇಳಿದರೆ ಹೇಳುವುದಿಲ್ಲ ಎಂದರು. ಅದು ಸರಿ ಎಂದು ಈಗ ಅನ್ನಿಸುತ್ತದೆ. ಹೆಸರು ಗೊತ್ತಿದ್ದರೆ ಆ ಮಗುವಿನ ಅಮ್ಮನ ಜೊತೆ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ದೊಡ್ಡ ರಂಪ ಆಗುತ್ತಿತ್ತು. ಆದರೆ ಏನು ಮಾಡಿದಿರಿ, ಇನ್ನು ಮುಂದೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೂ "ನಾವು ನೋಡಿಕೊಳ್ಳುತ್ತೇವೆ" ಎಂದಷ್ಟೇ ಹೇಳಿದರು. ಅದು ಸಾಲುವುದಿಲ್ಲ.

ಅಳುತ್ತಿದ್ದ ಮಗಳನ್ನು ಆ ದಿನ ಮಧ್ಯಾಹ್ನ ಪೂರ್ತಿ ಸೊಂಟದ ಮೇಲೆ ಇಟ್ಟುಕೊಂಡು ಕೆಲಸ ಮಾಡಿದ ಅಕ್ಕ ಯಾರೆಂದು ಬಹಳ ದಿನದ ಮೇಲೆ ಗೊತ್ತಾಯಿತು. ಅದನ್ನು ನನಗೆ ಅವತ್ತೇ ಯಾರಾದರೂ ಹೇಳಿದ್ದರೆ ನನ್ನ ಅರ್ಧ ಸಂಕಟ ಅಲ್ಲೇ ಇಳಿಯುತ್ತಿತ್ತು.

ಬನಶಂಕರಿ ಅಮ್ಮ

ಅಕ್ಕ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ನಿಮ್ಮ ಪುಟ್ಟಿ ಈಗ ಹೇಗಿದ್ದಾಳೆ?

ಕಚ್ಚಿಸಿಕೊಂಡವಳ ಅಮ್ಮ

ಚೆನ್ನಾಗಿದ್ದಾಳೆ. ಈಗ ಯಾರಾದರೂ ಹತ್ತಿರ ಬಂದರೆ ಕೈ ಚಾಚಿ "ಬೇಡ" ಎನ್ನುತ್ತಾಳೆ. ಆ ಅಕ್ಕನೇ ಕಲಿಸಿದ್ದು.

ಪೀಣ್ಯದವಳು

ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಹೆಂಗಸರು ಜಾಸ್ತಿ ಇರುವ ಕಾರ್ಖಾನೆಯಲ್ಲಿ ಮಕ್ಕಳ ಕೋಣೆ ಇರಬೇಕು ಎಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ನಮ್ಮ ಫ್ಯಾಕ್ಟರಿಯಲ್ಲೂ ಇದೆ. ನನ್ನ ಮಗ ಅಲ್ಲೇ ಬೆಳೆದ.

ನಿಮ್ಮ ಮಾತು ಓದುವಾಗ ಒಂದು ಅನ್ನಿಸಿತು. ನಮ್ಮ ಕ್ರೆಶ್ ಅಕ್ಕ ಲಗ್ಗೆರೆಯವಳು, ನಾನು ಹೆಗ್ಗನಹಳ್ಳಿಯವಳು. ಒಂದೇ ಕಡೆ ಬಸ್ ಹತ್ತುತ್ತೇವೆ. ಮಗ ಏನಾದರೂ ಮಾಡಿದರೆ ಅವಳು ನೇರವಾಗಿ "ನಿನ್ನ ಮಗ ಇವತ್ತು ತಟ್ಟೆ ಎಸೆದ ಕಣೇ, ನಾನೇ ಅವನ ಕೈಯಲ್ಲಿ ಎತ್ತಿಸಿದೆ" ಎನ್ನುತ್ತಿದ್ದಳು. ನಾನೂ "ರಾತ್ರಿ ಅವರಪ್ಪ ಬೈದಿದ್ದಾರೆ, ಇವತ್ತು ಸ್ವಲ್ಪ ಮೆತ್ತಗೆ ನೋಡು" ಎನ್ನುತ್ತಿದ್ದೆ. ಒಬ್ಬರಿಗೊಬ್ಬರು ಹೆದರಿಕೆ ಇರಲಿಲ್ಲ. ಅವಳಿಗೂ ನನಗೂ ಸಂಬಳದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ದೊಡ್ಡ ಡೇಕೇರ್‌ಗಳಲ್ಲಿ ಅಮ್ಮಂದಿರ ಒಂದು ದಿನದ ಸಂಬಳ ಆಯಾಗೆ ಎಷ್ಟು ದಿನದ ಸಂಬಳ ಆಗುತ್ತದೋ. ಅವಳು ಬಾಯಿ ಬಿಟ್ಟು ಹೇಗೆ ಹೇಳುತ್ತಾಳೆ?

ಆದರೆ ನಮ್ಮಲ್ಲೂ ಎಲ್ಲಾ ಚೆನ್ನಾಗಿದೆ ಎಂದಲ್ಲ. ಪ್ರೊಡಕ್ಷನ್ ಟಾರ್ಗೆಟ್ ಇದ್ದ ದಿನ ಸೂಪರ್‌ವೈಸರ್ ಮಗುವನ್ನು ನೋಡಲು ಬಿಡುತ್ತಿರಲಿಲ್ಲ. ಆ ದಿನಗಳಲ್ಲಿ ಮಗು ಜಾಸ್ತಿ ಹಟ ಮಾಡುತ್ತಿತ್ತು ಎಂದು ಅಕ್ಕ ಹೇಳುತ್ತಿದ್ದಳು. ಅಮ್ಮನನ್ನು ಕಟ್ಟಿಹಾಕಿ ಮಗುವಿಗೆ ಶಿಸ್ತು ಕಲಿಸುವುದು ಹೇಗೆ?

ಊರಲ್ಲಿ ನನ್ನ ತಂಗಿಯ ಮಗಳು ಪಂಚಾಯಿತಿಯ ಕೂಸಿನ ಮನೆಗೆ ಹೋಗುತ್ತಾಳೆ. ನರೇಗಾ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ರಾಜ್ಯ ಸರ್ಕಾರ ಮಾಡಿದ್ದು. ನೋಡಿಕೊಳ್ಳುವವರೂ ಅದೇ ಊರಿನ ಹೆಂಗಸರು. ಅಲ್ಲೂ ಹೀಗೇ, ಮಾತು ಮುಚ್ಚಿಡುವ ಪ್ರಶ್ನೆಯೇ ಇಲ್ಲ.

ಮಲ್ಲಿಗೆ ಬಳ್ಳಿ

ಪೀಣ್ಯದ ಅಕ್ಕ ಹೇಳಿದ್ದು ಈ ಇಡೀ ಚರ್ಚೆಯ ಬೇರು ಎಂದು ನನಗೆ ಅನ್ನಿಸುತ್ತದೆ. ಹೊಣೆ ಹಂಚಿಕೊಳ್ಳೋಣ ಎನ್ನುತ್ತೇವೆ. ಎದುರಿಗಿರುವವರಿಗೆ ನಮ್ಮ ಮುಂದೆ ಕೂತು ಮಾತಾಡುವ ಧೈರ್ಯವೇ ಇಲ್ಲದಿದ್ದರೆ ಏನನ್ನು ಹಂಚಿಕೊಳ್ಳುವುದು? ತಪ್ಪಾದಾಗ ಹೊಣೆ ಮಾತ್ರ ಅವರ ತಲೆಗೆ ಹೋಗುತ್ತದೆ.

ರಿಂಗ್ ರೋಡ್ ಅಪ್ಪ

ತಡವಾಗಿ ಬರುವ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಡೇಕೇರ್‌ನಲ್ಲಿ ಏಳರ ಮೇಲೆ ಅರ್ಧ ಗಂಟೆಗೆ ಇಷ್ಟು ಎಂದು ದಂಡ ಇದೆ. ಟ್ರಾಫಿಕ್ ನಮ್ಮ ಕೈಯಲ್ಲಿ ಇಲ್ಲ. ದಂಡ ಕಟ್ಟುತ್ತೇವೆ, ತೊಂದರೆ ಇಲ್ಲ ಎಂದುಕೊಂಡಿದ್ದೇವೆ.

ಮಕ್ಕಳ ಜೊತೆ ಕೆಲಸ

ಸರ್, ಇದರ ಬಗ್ಗೆ ಇಸ್ರೇಲಿನ ಹೈಫಾದಲ್ಲಿ 10 ಡೇಕೇರ್‌ಗಳಲ್ಲಿ ಒಂದು ಪ್ರಯೋಗ ನಡೆದಿತ್ತು. 2000ದಲ್ಲಿ ಪ್ರಕಟವಾಯಿತು. ಕೆಲವು ಕಡೆ ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಜಾಸ್ತಿಯಾದರು. ಮೊದಲು ಕಾಯುತ್ತಿರುವ ಆಯಾಗೆ ತೊಂದರೆ ಆಗುತ್ತದೆ ಎಂಬ ಸಂಕೋಚ ಇತ್ತು. ದಂಡ ಬಂದ ಮೇಲೆ ಆ ಹೊತ್ತನ್ನು ದುಡ್ಡು ಕೊಟ್ಟು ಕೊಂಡ ಹಾಗಾಯಿತು. ದಂಡ ತೆಗೆದ ಮೇಲೂ ಆ ಸಂಕೋಚ ವಾಪಸ್ ಬರಲಿಲ್ಲ.

ಆ ದಂಡದಲ್ಲಿ ಆಯಾಗೆ ಎಷ್ಟು ಸಿಗುತ್ತದೆ ಎಂದು ಒಮ್ಮೆ ಕೇಳಿ ನೋಡಿ. ವಿಜಯನಗರದ ಅಕ್ಕ ಹೇಳಿದರಲ್ಲ, ಮಕ್ಕಳ ಮೇಲೆ ಸಿಟ್ಟು ಹರಿಯುವುದು ಸಂಜೆಯ ಆ ಹೊತ್ತಿನಲ್ಲೇ ಎಂದು. ನಾವು ಸಮಯಕ್ಕೆ ಬರುವುದೂ ಮಗುವಿನ ಶಿಸ್ತಿನ ಒಂದು ಭಾಗ.

ರಿಂಗ್ ರೋಡ್ ಅಪ್ಪ

ಒಪ್ಪಿದೆ. ವಾರದಲ್ಲಿ ಯಾವ ದಿನ ಯಾರು ಬೇಗ ಹೊರಡುವುದು ಎಂದು ಮನೆಯಲ್ಲಿ ಮಾತಾಡುತ್ತೇವೆ. ತಡವಾಗುವ ಹಾಗಿದ್ದರೆ ಮುಂಚೆಯೇ ಫೋನ್ ಮಾಡಿ, ಅಕ್ಕನಿಗೆ ತಿಳಿಸಿ ಎಂದು ಹೇಳುತ್ತೇವೆ.

ಬಸವನಗುಡಿ ಅಜ್ಜಿ

ಕಾಯುವವಳಿಗೂ ಮನೆ ಇದೆ, ಮಕ್ಕಳಿದ್ದಾವೆ ಎನ್ನುವುದು ನೆನಪಿರಲಿ ಅಪ್ಪಾ. ಪೆಟ್ಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ಹೊರಗಿನವರಿಗೆ ಹೊಡೆಯಿರಿ ಎಂದು ಹೇಳಬಾರದು, ಅದು ಒಪ್ಪಿದೆ.

ಬನಶಂಕರಿ ಅಮ್ಮ

ಎಲ್ಲರಿಗೂ ಏನಾಯಿತು ಎಂದು ಹೇಳಬೇಕು. ಮ್ಯಾನೇಜರ್ ಮೇಡಂಗೆ "ಮಗನನ್ನು ನೋಡಿಕೊಳ್ಳುವ ಅಕ್ಕನ ಜೊತೆ ನಿಮ್ಮ ಎದುರಿಗೇ ಸ್ವಲ್ಪ ಮಾತಾಡಬೇಕು, ದೂರು ಅಲ್ಲ" ಎಂದು ಮೆಸೇಜ್ ಮಾಡಿದೆ. ಮೊದಲು ಬೇಡ ಎಂದರು. ನಾನು ಬಿಡಲಿಲ್ಲ. ಶನಿವಾರ ಒಪ್ಪಿದರು. ನನ್ನ ಗಂಡನೂ ಬಂದರು.

ಅಕ್ಕ ಮೊದಲು ಬಾಯಿಯೇ ಬಿಡಲಿಲ್ಲ. "ಚೆನ್ನಾಗಿದ್ದಾನೆ ಮೇಡಂ" ಎಂದಷ್ಟೇ. ಮನೆಯಲ್ಲಿ ಅವನು ನನ್ನ ಭುಜ ಕಚ್ಚಿದ ಗುರುತು ತೋರಿಸಿದೆ. ಆಗ ಶುರು ಮಾಡಿದರು. ಅವನು ಕಚ್ಚುವುದು ಹೆಚ್ಚಾಗಿ ಊಟಕ್ಕೆ ಮುಂಚೆ, ಹನ್ನೊಂದು ಹನ್ನೊಂದೂವರೆ ಹೊತ್ತಿಗೆ. ಊಟ ಬರುವುದು ಹನ್ನೆರಡೂಕಾಲಿಗೆ. ನಾವು ಬೆಳಗ್ಗೆ ಏಳೂವರೆಗೆ ಗಡಿಬಿಡಿಯಲ್ಲಿ ಎರಡು ತುತ್ತು ಇಡ್ಲಿ ತಿನ್ನಿಸಿ ಹೊರಡುತ್ತೇವೆ. ಅಂದರೆ ಮಗು ಹಸಿದಿರುತ್ತದೆ! ಅಕ್ಕ ಇದನ್ನು ಎಂದೋ ಗಮನಿಸಿದ್ದರು. ಯಾರೂ ಕೇಳಿರಲಿಲ್ಲ. ಈಗ ಹತ್ತೂವರೆಗೆ ಅಂತ ಚಿಕ್ಕ ಡಬ್ಬಿಯಲ್ಲಿ ಬಾಳೆಹಣ್ಣೋ ರಾಗಿ ಉಂಡೆಯೋ ಕಳಿಸುತ್ತಿದ್ದೇವೆ.

ಮೂಲೆಯಲ್ಲಿ ನಿಲ್ಲಿಸುವುದನ್ನೂ ಕೇಳಿದೆ. ಬೇಡ ಎಂದು ನೇರವಾಗಿ ಹೇಳಿದೆ. ಗೋಡೆ ಕಡೆ ಮುಖ ಮಾಡಿ ನಿಂತ ಮಗು ಯೋಚನೆ ಮಾಡುವುದಿಲ್ಲ, ಅವಮಾನ ಪಡುತ್ತದೆ ಎಂದು ನನ್ನ ನಂಬಿಕೆ. ಅದಕ್ಕೆ ಅಕ್ಕ, "ಹಾಗಾದರೆ ಜಗಳದಿಂದ ಬಿಡಿಸಿ ಎಲ್ಲಿ ಇಡಲಿ ಹೇಳಿ" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕೊನೆಗೆ ತನ್ನ ಪಕ್ಕದಲ್ಲೇ ಕೂರಿಸಿಕೊಳ್ಳುವುದು, ಬಟ್ಟೆ ಮಡಿಸುವಾಗ ಅವನ ಕೈಗೂ ಒಂದು ಟವೆಲ್ ಕೊಡುವುದು ಎಂದಾಯಿತು. "ಬ್ಯಾಡ್ ಬಾಯ್" ಎಂಬ ಮಾತು ಎರಡೂ ಕಡೆ ಬಂದ್. ಕಚ್ಚಿದರೆ "ಕಚ್ಚಬಾರದು, ನೋವಾಗುತ್ತೆ", ಬೇಕಾದರೆ "ನಂಗೆ ಕೊಡು". ಅತ್ತೆಗೂ ಇದನ್ನೇ ಹೇಳಿದ್ದೇವೆ. ಅವರಿಗೆ ಅಕ್ಕನ ಮೇಲೆ ಈಗ ಸಿಟ್ಟಿಲ್ಲ, ಹೆಸರು ಹಿಡಿದು ಕೇಳುತ್ತಾರೆ.

ಕಚ್ಚುವುದು ನಿಂತಿಲ್ಲ. ಕಡಿಮೆಯಾಗಿದೆ. ಸಂಜೆ ಹೊತ್ತಿನ ಟಿವಿ ಬಗ್ಗೆ ಮ್ಯಾನೇಜರ್ ಇನ್ನೂ ಒಪ್ಪಿಲ್ಲ. ಬೇರೆ ಅಪ್ಪ ಅಮ್ಮಂದಿರೂ ಕೇಳಿದರೆ ಆಗಬಹುದು.

ಸುಮ್ನೆ ಓದುವವಳು

ಇಷ್ಟು ದಿನ ಓದುತ್ತಿದ್ದೆ. ನನ್ನದೊಂದು ಪ್ರಶ್ನೆ. ನಾವು ನೇರವಾಗಿ ಮಾತಾಡಿಸಿದರೆ ಆಮೇಲೆ ಓನರ್ ಆಯಾ ಮೇಲೆ ಸಿಟ್ಟು ಮಾಡಿಕೊಳ್ಳುತ್ತಾರೆ ಎಂಬ ಭಯ ನನಗೆ. ನಾವು ಒಳ್ಳೆಯದು ಮಾಡಲು ಹೋಗಿ ಅವರ ಕೆಲಸಕ್ಕೆ ಕುತ್ತು ಬಂದರೆ? ವಿಜಯನಗರದ ಅಕ್ಕ, ನೀವೇ ಹೇಳಿ, ನಾವು ಹೇಗೆ ಶುರು ಮಾಡಬೇಕು?

ವಿಜಯನಗರದ ಆಯಾ

ಕೇಳಿದ್ದು ಒಳ್ಳೆಯದಾಯಿತು ಮೇಡಂ. ಮೊದಲನೇ ಸಲ ತಪ್ಪು ಹುಡುಕಿಕೊಂಡು ಬರಬೇಡಿ. "ಅಕ್ಕ ನಮ್ಮ ಮಗುವಿಗೆ ಹಾಡು ಚೆನ್ನಾಗಿ ಕಲಿಸಿದ್ದಾರೆ" ಎಂದೋ ಏನೋ, ನಿಜವಾಗಿ ಅನ್ನಿಸಿದ್ದನ್ನು ಆಫೀಸಿನಲ್ಲಿ ಅವಳ ಎದುರಿಗೆ ಹೇಳಿ. ಓನರ್‌ಗೆ ಅವಳು ಬೇಕಾದವಳು ಎಂದು ಆಗ ಗೊತ್ತಾಗುತ್ತದೆ. ಮಾತಾಡುವುದನ್ನು ಕದ್ದು ಮಾಡಬೇಡಿ. ಗೇಟಿನ ಹೊರಗೆ ನಿಲ್ಲಿಸಿ ಗುಟ್ಟಾಗಿ ಕೇಳಿದರೆ ನಮಗೇ ತೊಂದರೆ. ನಂಬರ್ ಕೇಳಬೇಡಿ, ಕೈಗೆ ದುಡ್ಡು ಕೊಡಬೇಡಿ. ಬನಶಂಕರಿ ಮೇಡಂ ಮಾಡಿದ ಹಾಗೆ ಮ್ಯಾನೇಜರ್ ಎದುರಿಗೇ, ಹಗಲು ಹೊತ್ತಿನಲ್ಲಿ, ಮಕ್ಕಳು ಮಲಗಿರುವಾಗ ಬನ್ನಿ. ಒಂದೂವರೆಯಿಂದ ಮೂರರವರೆಗೆ ನಮಗೆ ಸ್ವಲ್ಪ ಬಿಡುವು ಇರುತ್ತದೆ. ಸಂಜೆ ಮಾತ್ರ ಬೇಡ.

ಇಬ್ಬರು ಮೂವರು ಪೋಷಕರು ಸೇರಿ ಕೇಳಿದರೆ ಇನ್ನೂ ಒಳ್ಳೆಯದು. ತಿಂಗಳಿಗೆ ಒಂದು ಸಲ ಆಯಾಗಳನ್ನೂ ಕೂರಿಸಿಕೊಂಡು ಮೀಟಿಂಗ್ ಮಾಡಿ ಎಂದು ಹೇಳಿ. ನಮಗೂ ಕುರ್ಚಿ ಹಾಕಿಸಿ. ನಮ್ಮಲ್ಲಿ ಎರಡು ತಿಂಗಳ ಹಿಂದೆ ಶುರುವಾಗಿದೆ. ಮೊದಲನೇ ಮೀಟಿಂಗಿನಲ್ಲಿ ನಮ್ಮ ಕಡೆಯವರು ಯಾರೂ ಮಾತಾಡಲಿಲ್ಲ. ಎರಡನೇದರಲ್ಲಿ ನಾನು ಒಬ್ಬಳೇ ಮಾತಾಡಿದೆ. ಮುಂದಿನದು ಈ ಶನಿವಾರ ಇದೆ, ನನ್ನ ಜೊತೆಯವಳೂ ಏನೋ ಹೇಳಬೇಕು ಎಂದಿದ್ದಾಳೆ.